ಕೆಂಡ ಇಟ್ಟು ಬಾಗಿಲು ಮುಚ್ಚಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಬಾಯಲ್ಲೇ ಹೇಳುತ್ತೇನೆ. ನಾಡಿದ್ದು ಮಗು ಕರೆದುಕೊಂಡು ಚಿಕ್ಕಮಗಳೂರಿನ ಮನೆಗೆ ಹೋಗುತ್ತೀರಿ, ಮಳೆಗೆ ಮನೆಯೆಲ್ಲ ಮುಗ್ಗಲು ವಾಸನೆ, ಬಿಳಿ ಲೈಟಿಗೆ ಆಸ್ಪತ್ರೆ ಥರ ಕಾಣುತ್ತದೆ ಅಂದೆ. ರಾತ್ರಿ ಬೆಡ್‌ರೂಮಲ್ಲಿ ಕೆಂಡ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿದರೆ ಬೆಚ್ಚಗೂ ಇರುತ್ತದೆ, ಘಮ್ಮಂತಲೂ ಇರುತ್ತದೆ, ಮಗುವಿಗೆ ಏನೂ ಆಗಲ್ಲ ಅಲ್ವಾ ಅಂತ ಕೇಳಿದ್ದೀಯ.

ಬೇಡ. ಕೆಂಡ ಇಟ್ಟ ಕೋಣೆಯ ಬಾಗಿಲು ಮುಚ್ಚಲೇಬೇಡ.

ನನ್ನ ಮಗ, ನಿಮ್ಮ ಶಿವಮೊಗ್ಗದ ಅಣ್ಣ, ಹುಟ್ಟಿದ್ದು 1987ರ ಆಷಾಢದಲ್ಲಿ. ತೀರ್ಥಹಳ್ಳಿ ಕಡೆಯ ಮಳೆ ನಿಮಗೆ ಗೊತ್ತಲ್ಲ, ಹದಿನೈದು ದಿನ ಬಟ್ಟೆ ಒಣಗುವುದಿಲ್ಲ. ಬಾಣಂತಿ ಕೋಣೆಯಲ್ಲಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇರುತ್ತಿತ್ತು. ಅಮ್ಮ ಬಾಗಿಲು ಒಂದು ಗೇಣು ತೆಗೆದೇ ಇಡುತ್ತಿದ್ದಳು. ಆವತ್ತು ಇರುಚಲು ಜೋರಾಗಿ ಹೊಡೆಯುತ್ತಿತ್ತು. ಮಗುವಿಗೆ ಥಂಡಿ ಆಗುತ್ತದೆ ಅಂತ ನಾನೇ ಎದ್ದು ಚಿಲಕ ಹಾಕಿದೆ. ಕಿಟಕಿ ಸಂದಿಗೆ ಹಳೇ ಸೀರೆ ತುರುಕಿದೆ. ಹೊಗೆ ಒಂದಿಷ್ಟೂ ಇರಲಿಲ್ಲ, ಕೆಂಡ ನಿಗಿನಿಗಿ ಅಂತಿತ್ತು. ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳೆಸಿತು. ಬಾಣಂತಿ ಸುಸ್ತು ಅಂದುಕೊಂಡೆ. ಮಗು ಹಾಲಿಗೂ ಬಾಯಿ ಹಾಕಲಿಲ್ಲ. ಎದ್ದು ನಿಲ್ಲೋಣ ಅಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಅಮ್ಮ ಕಷಾಯ ತಂದವಳು ಬಾಗಿಲು ಬಡಿದು ಬಡಿದು, ಕೊನೆಗೆ ಅಪ್ಪಯ್ಯ ಬಂದು ಚಿಲಕ ಕಿತ್ತರು. ಮಗುವನ್ನು ಜಗಲಿಗೆ ಎತ್ತಿಕೊಂಡು ಓಡಿದರು. ಗಾಳಿ ತಾಗಿದ ಮೇಲೆ ಅತ್ತಿತು. ಆ ಅಳು ಈಗಲೂ ನನ್ನ ಕಿವಿಯಲ್ಲಿದೆ.

ಇದ್ದಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ ಅಂತ ಆಮೇಲೆ ಡಾಕ್ಟರು ಹೇಳಿದರು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತದೆ. ಸಾಂಬ್ರಾಣಿ ಘಮ ಬರುತ್ತಿದ್ದರೆ ಎಲ್ಲ ಸರಿಯಾಗಿದೆ ಅಂತಲೇ ಅನಿಸುತ್ತದೆ ಪುಟ್ಟಿ. ಇನ್ನೊಂದು ಸಲ ಹೇಳುತ್ತೇನೆ, ಅಳಿಯಂದಿರಿಗೂ ಕೇಳಿಸು: ಕೆಂಡ ಇಟ್ಟು ಬಾಗಿಲು ಮುಚ್ಚಬೇಡಿ.

ಆ ಕೋಣೆಯಲ್ಲಿ ಬೆಳಕು ಅಂದರೆ ಹಿತ್ತಾಳೆಯ ತೂಗುದೀಪ ಒಂದೇ. ಮೇಲೆ ಹಂಸ ಇತ್ತಲ್ಲ, ಕೊಕ್ಕು ಸೊಟ್ಟಗಾಗಿದ್ದು, ಅದು ನಾನು ಚಿಕ್ಕವಳಿದ್ದಾಗ ಬೀಳಿಸಿದ್ದು. ಎಳ್ಳೆಣ್ಣೆ ಹಾಕಿ ಹಚ್ಚಿದರೆ ಗೋಡೆಯೆಲ್ಲ ಅರಿಶಿನದ ಬಣ್ಣ. ಮನೆ ಪಾಲಾದಾಗ ಅದನ್ನು ತೂಕಕ್ಕೆ ಹಾಕಿದರು. ನಿನ್ನಮ್ಮನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಗದ್ದೆ, ತೋಟ ನಾವು ಕೇಳಿದ್ದೆವಾ? ಒಂದು ದೀಪ. ಹೆಣ್ಣುಮಕ್ಕಳಿಗೆ ಒಂದು ಫೋನ್ ಮಾಡಬಹುದಿತ್ತು. ಗ್ರೂಪಿನಲ್ಲಿ ಎಲ್ಲರೂ ಇದ್ದಾರೆ, ಕೇಳಿಸಿಕೊಳ್ಳಲಿ. ನನಗೆ ಇವತ್ತಿಗೂ ಬೇಜಾರಿದೆ.

ಅಯ್ಯೋ, ನೀನು ಕೇಳಿದ್ದು ಮನೆಗೆ ಏನು ಮಾಡಲಿ ಅಂತ ಅಲ್ವಾ. ಮೊದಲು ಮುಗ್ಗಲು ಹೋಗಬೇಕು. ಮಳೆ ಬಿಟ್ಟಾಗ ಕಿಟಕಿ ತೆಗೆ, ಬೀರುವಿನ ಬಾಗಿಲೂ ತೆಗೆದಿಡು. ಅದರ ಮೇಲೆ ಘಮ ಸುರಿದರೆ ಎರಡೂ ಸೇರಿ ತಲೆನೋವೇ. ಸಾಂಬ್ರಾಣಿ ಹಾಕಲೇಬೇಕೆಂದರೆ ಮಗು ಬರುವ ಮುಂಚಿನ ದಿನ ನಡುಮನೆಯಲ್ಲಿ ಹಾಕು, ಬಾಗಿಲು ತೆಗೆದಿರಲಿ, ಆದ ಮೇಲೆ ಕೆಂಡ ಹೊರಗೆ ಒಯ್ದು ನೀರು ಹಾಕು. ಮಗುವಿನ ತಲೆಗೆ ಹೊಗೆ ಹಿಡಿಯುವುದು ಬೇಡ, ಎಳೇ ಶ್ವಾಸಕೋಶ. ಕರ್ಪೂರ ಎತ್ತರದಲ್ಲಿಡು, ಮಕ್ಕಳು ನುಂಗಿದರೆ ವಿಷ.

ಸಂಜೆ ಸಣ್ಣ ಉರಿಯಲ್ಲಿ ನಿಂಬೆ ಸಿಪ್ಪೆ, ನಾಲ್ಕು ಲವಂಗ, ಒಂದು ಚೂರು ಚಕ್ಕೆ ಕುದಿಯಲು ಇಡು. ಪಕ್ಕದಲ್ಲೇ ಇರು, ನೀರು ಬತ್ತಿ ತಳ ಹಿಡಿಯುತ್ತದೆ. ಬಲ್ಬು ತರುವಾಗ ಡಬ್ಬಿಯ ಮೇಲೆ 2700 ಕೆಲ್ವಿನ್ ಅಂತ ಇದೆಯಾ ನೋಡು, ಅದು ದೀಪದಂಥ ಹಳದಿ ಬೆಳಕು. ಸೂರಿಗೆ ಬೇಡ, ಮೂಲೆಯಲ್ಲಿ ತಗ್ಗಿಗೆ ಹಾಕಿಸು.

ಬಟ್ಟೆ ಬೀರುವಿಗೆ ನಮ್ಮ ಸುರಗಿ ಹೂವು ಇದೆ, ಒಣಗಿದ್ದು. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಡು. ನಾಳೆ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ಅಳಿಯಂದಿರು ಬಸ್ ಸ್ಟ್ಯಾಂಡಿಗೆ ಬರಲಿ. ಹಾರ್ಲಿಕ್ಸ್ ಬಾಟ್ಲಿ, ಕೆಂಪು ಮುಚ್ಚಳ.