ಹೊರ್ಮುಜ್‌ದಿಂದ ಬೀದರಕ್ಕೆ ಕುದುರೆ ಬಂದ ದಾರಿ: ನಕ್ಷೆಯಲ್ಲಿ ಏನು ತೋರಿಸಬೇಕು?

ಚೌಬಾರಾ ಬೀದರ (ಪ್ರಶ್ನೆ)

ಪಿಯುಸಿ ಮಕ್ಕಳಿಗಾಗಿ ಗೋಡೆಗೆ ಹಾಕುವ ದೊಡ್ಡ ನಕ್ಷೆ ತಯಾರಾಗ್ತಿದೆ. ವಿಷಯ ಬಹಮನಿ ಕಾಲದ ಕುದುರೆ ವ್ಯಾಪಾರ, ಪರ್ಷಿಯಾ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ಬಂದರಿನಿಂದ ಬೀದರದ ತನಕ. ಸಮುದ್ರದಿಂದ ಇಷ್ಟು ದೂರ ಇರುವ ನಮ್ಮೂರು ಆಗಿನ ಜಗತ್ತಿಗೆ ಹೆಂಗೆ ಕೂಡಿಕೊಂಡಿತ್ತು ಅನ್ನೋದು ಹುಡುಗರ ಕಣ್ಣಿಗೆ ಕಾಣಬೇಕು. ಮೂರು ಕಡೆ ತೊಡಕಾಗಿದೆ.

ಒಂದು, ಕುದುರೆ ಯಾವ ತಿಂಗಳಲ್ಲಿ, ಯಾವ ಬಂದರಿಗೆ, ಎಷ್ಟು ದಿನಕ್ಕೆ ಬರ್ತಿತ್ತು? ಎರಡು, ಇಲ್ಲೇ ಯಾಕೆ ಸಾಕಲಿಲ್ಲ ಅಂತ ಮಕ್ಕಳು ಕೇಳೇ ಕೇಳ್ತಾರೆ, ಅದಕ್ಕೆ ಉತ್ತರ ಏನು? ಮೂರು, ಕರಡಿನಲ್ಲಿ ಹೀಗೆ ಬಾಣ ಹಾಕಿದ್ದೇವೆ: 1510ರಲ್ಲಿ ಗೋವಾ ಪೋರ್ಚುಗೀಸರ ಪಾಲು → ಕುದುರೆ ಬರೋದು ನಿಂತಿತು → ಬಹಮನಿ ರಾಜ್ಯ ಬಿತ್ತು. ಇದು ಸರಿನಾ?

ಆಳಂದ ರೋಡ್

ಮೊದಲು ಆ ಬಾಣ ಅಳಿಸಿಬಿಡ್ರಿ. ಇಸವಿನೇ ಹೊಂದೋದಿಲ್ಲ.

ಬಹಮನಿ ಪ್ರಧಾನಿ ಮಹಮೂದ್ ಗವಾನನ ತಲೆ ಹೋಗಿದ್ದು 1481ರ ಏಪ್ರಿಲ್‌ದಾಗ. ನಾಲ್ಕು ದೊಡ್ಡ ಪ್ರಾಂತ, ಅಂದರೆ ತರಫ್‌ಗಳನ್ನು ಒಡೆದು ಎಂಟು ಮಾಡಿದ್ದ, ಒಬ್ಬ ತರಫದಾರನ ಕೈಗೆ ಒಂದೇ ಕೋಟೆ ಅಂತ ಕಟ್ಟು ಹಾಕಿದ್ದ. ಆ ಸಿಟ್ಟಿಗೆ ವಿರೋಧಿ ಸರದಾರರು ಅವನ ಮೊಹರು ಇದ್ದ ಖಾಲಿ ಕಾಗದದ ಮೇಲೆ ಒಡಿಶಾದ ರಾಜನಿಗೆ ಬರೆದಂಗೆ ಸುಳ್ಳು ಪತ್ರ ಹುಟ್ಟಿಸಿದರು. ಸುಲ್ತಾನ ಮೂರನೇ ಮಹಮ್ಮದ್ ಅದನ್ನು ನಂಬಿಬಿಟ್ಟ. ಮುಂದಿನ ಹತ್ತು ವರ್ಷದೊಳಗೆ ಬಿಜಾಪುರ, ಅಹ್ಮದನಗರ, ಬೆರಾರ ಮೂರೂ ಕಳಚಿಕೊಂಡವು. ಬೀದರದಾಗ ಸುಲ್ತಾನ ಹೆಸರಿಗಷ್ಟೇ, ಕೀಲಿಕೈ ಮಂತ್ರಿ ಕಾಸಿಂ ಬರೀದನ ಹತ್ತಿರ.

ಹಿಂಗಾಗಿ 1510ರಲ್ಲಿ ಗೋವಾ ಬೀದರದ ಬಂದರಾಗಿ ಉಳಿದಿರಲೇ ಇಲ್ಲ, ಬಿಜಾಪುರದ್ದಾಗಿತ್ತು. 1472ರಲ್ಲಿ ವಿಜಯನಗರದವರಿಂದ ಗೋವಾ ಗೆದ್ದುಕೊಟ್ಟವನು ಇದೇ ಗವಾನ್, ಅದನ್ನೂ ತೋರಿಸ್ರಿ. ಗೋವಾ ಹಿಡಿದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಬಂದ ವರ್ಷವೇ ಬಿಜಾಪುರದ ಸುಲ್ತಾನ ಯೂಸುಫ್ ಆದಿಲ್ ಶಾ ತೀರಿಕೊಂಡ, ಹುಡುಗ ಇಸ್ಮಾಯಿಲ್ ಪಟ್ಟಕ್ಕೆ ಕೂತ. ಒಂದೇ ದೊಡ್ಡ ರಾಜ್ಯ ಇದ್ದಿದ್ದರೆ ಆ ಬಂದರು ಅಷ್ಟು ಸಲೀಸಾಗಿ ಕೈ ಬಿಡ್ತಿರಲಿಲ್ಲ ಅಂತ ನನ್ನ ಲೆಕ್ಕ. ಅಂದರೆ ನಿಮ್ಮ ಬಾಣ ತಿರುವುಮುರುವು ಆಗಬೇಕು: ಬಹಮನಿ ಒಡೆಯಿತು, ಆಮೇಲೆ ಗೋವಾ ಹೋಯಿತು.

ನಡುವಿನ ಮಾತೂ ತಿದ್ದಬೇಕು. ಕುದುರೆ ಬರೋದು ನಿಲ್ಲಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1515ರಲ್ಲಿ ಹೊರ್ಮುಜ್ ಹಿಡಿದರು. ಕುದುರೆ ಹಡಗು ಹತ್ತುವ ಕಡೆಗೂ ಅವರೇ, ಇಳಿಯುವ ಕಡೆಗೂ ಅವರೇ. ನಡುವೆ ಹೋಗುವ ಹಡಗಿಗೆ 'ಕಾರ್ತಾಜ್' ಅನ್ನೋ ಚೀಟಿ ಬೇಕು, ಚೀಟಿ ಇಲ್ಲದ ಹಡಗು ಸಿಕ್ಕರೆ ಮಾಲು ಜಪ್ತಿ. ಕುದುರೆ ಹಡಗು ಗೋವಾಕ್ಕೇ ಬಂದು ಸುಂಕ ಕಟ್ಟಬೇಕು. ಅಲ್ಲಿಂದ ಮುಂದೆ ವಿಜಯನಗರಕ್ಕೆ ಕೊಡಬೇಕೋ ಬಿಜಾಪುರಕ್ಕೆ ಕೊಡಬೇಕೋ ಅಂತ ಇಬ್ಬರನ್ನೂ ಆಡಿಸೋದು. 1520ರ ರಾಯಚೂರು ಯುದ್ಧದಾಗ ಕೃಷ್ಣದೇವರಾಯನ ಪಾಳೆಯದಲ್ಲಿ ಪೋರ್ಚುಗೀಸ್ ಬಂದೂಕುಗಾರರೂ ಇದ್ದರು. ನಲ್ಲಿ ಬಂದ್ ಆಗಲಿಲ್ಲ, ತಿರುಗಿಸುವ ಕೈ ಬದಲಾಯಿತು. ಬಾಣದ ಮೇಲೆ ಬರೆಯಬೇಕಾದ್ದು ಇಷ್ಟು.

ಸವಾರ

ಒಂದನೇ ಪ್ರಶ್ನೆಗೆ ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್‌ನ ಪ್ರಯಾಣವನ್ನೇ ಗೆರೆಯಾಗಿ ಎಳೆಯಿರಿ. ಸುಮಾರು 1469ರಲ್ಲಿ ಅವನು ಒಂದೇ ಒಂದು ಗಂಡು ಕುದುರೆ ಹಿಡಿದುಕೊಂಡು ಹೊರ್ಮುಜ್‌ನಿಂದ ಹೊರಟ. ಈಸ್ಟರ್ ಕಳೆದ ಮೇಲೆ ಹಡಗು ಹತ್ತಿದ, ಮಸ್ಕತ್, ಗುಜರಾತ್, ಖಂಭಾತ್ ಮುಟ್ಟಿಕೊಂಡು ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಸಮುದ್ರದ ಮೇಲೆ 6 ವಾರ. ಅಲ್ಲಿಂದ ಘಟ್ಟ ಹತ್ತಿ ಜುನ್ನರ. ಅಷ್ಟರಲ್ಲಿ ಮಳೆ ಹಿಡಿಯಿತು. ನಾಲ್ಕು ತಿಂಗಳು ಎಲ್ಲಿ ನೋಡಿದರೂ ನೀರು, ಕೆಸರು ಅಂತ ಬರೆದಿದ್ದಾನೆ. ಜುನ್ನರದ ಅಧಿಕಾರಿ ಅಸದ್ ಖಾನ್ ಅವನ ಕುದುರೆ ಕಿತ್ತುಕೊಂಡು, ಧರ್ಮ ಬದಲಿಸಿದರೆ ಕೊಡ್ತೀನಿ ಅಂದ. ಖುರಾಸಾನದ ಒಬ್ಬ ವ್ಯಾಪಾರಿ ನಡುವೆ ಬಂದು ಬಿಡಿಸಿದ. ಜುನ್ನರ ಮುಟ್ಟುವ ಹೊತ್ತಿಗೆ ಆ ಕುದುರೆಯ ಮೇಲೆ 100 ರೂಬಲ್ ಖರ್ಚಾಗಿತ್ತು. ಕೊನೆಗೆ ಅದು ಮಾರಾಟವಾಗಿದ್ದು ಬೀದರದಲ್ಲಿ.

ನಕ್ಷೆಯಲ್ಲಿ ಹೊರ್ಮುಜ್‌ನಿಂದ ಕೊಂಕಣಕ್ಕೆ ನೇರ ಗೆರೆ ಎಳೆಯಬೇಡಿ, ದಂಡೆ ಹಿಡಿದೇ ಎಳೆಯಿರಿ. ಕಾರಣ ನೀರು. ಬಿಸಿಲಲ್ಲಿ ಒಂದು ಕುದುರೆಗೆ ದಿನಕ್ಕೆ 30 ಲೀಟರ್ ಅಂತ ಹಿಡಿದರೂ 42 ದಿನಕ್ಕೆ 1,260 ಲೀಟರ್. ಹಡಗಿನಲ್ಲಿ 40 ಕುದುರೆ ಇದ್ದರೆ 50 ಟನ್‌ಗಿಂತ ಹೆಚ್ಚು ಸಿಹಿನೀರು ಬೇಕು. ಅಷ್ಟನ್ನು ಒಂದೇ ಸಲ ತುಂಬಿಕೊಂಡು ಹೊರಡೋದು ಆಗದ ಮಾತು, ದಾರಿಯಲ್ಲಿ ಬಂದರಿಗೆ ಬಂದು ತುಂಬಿಕೊಳ್ಳಲೇಬೇಕು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ಕುದುರೆಗೆ ವಾಂತಿ ಮಾಡಲು ಬರೋದಿಲ್ಲ. ಹಡಗು ತೂಗಾಡಿ ಹೊಟ್ಟೆ ಕೆಟ್ಟರೆ ಒಳಗೇ ಉಬ್ಬರ ಆಗಿ ಸಾಯುತ್ತೆ. ವಾರಗಟ್ಟಲೆ ನಿಂತೇ ಇದ್ದು ಕಾಲು ಊದಿಕೊಳ್ಳುತ್ತೆ. ಈ ನಷ್ಟ ಯಾರ ತಲೆಗೆ? ವಿಜಯನಗರದ ಸಾಳುವ ನರಸಿಂಹ ಸತ್ತ ಕುದುರೆಗೂ ದುಡ್ಡು ಕೊಡ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. 1,000 ಪರ್ದಾವೊಗೆ (ಆಗಿನ ಚಿನ್ನದ ನಾಣ್ಯ) ಮೂರು ಕುದುರೆ. ಸಮುದ್ರದಲ್ಲಿ ಸತ್ತಿದ್ದರೆ ಬಾಲ ತಂದು ತೋರಿಸಿದರೆ ಸಾಕು. ಇದನ್ನು ರಾಜನ ಔದಾರ್ಯ ಅಂತ ಓದಬೇಡಿ. ವ್ಯಾಪಾರಿ ಬೀದರದ ಬಂದರಿಗೆ ಹೋಗದೆ ತನ್ನ ಕಡೆಗೇ ಬರಲಿ ಅನ್ನೋ ಹಂಚಿಕೆ ಅದು.

ಎರಡನೇ ಪ್ರಶ್ನೆ. ಇಲ್ಲಿ ಕುದುರೆ ಹುಟ್ಟೋದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಅಂತ ನಿಕಿತಿನ್ ಬರೀತಾನೆ. ನಮ್ಮ ತಟ್ಟು ಕುದುರೆ ಹೊರೆ ಹೊರಲು ಆದೀತು, ಕವಚ ತೊಟ್ಟ ಸವಾರನನ್ನು ಹೊತ್ತು ದೌಡು ಹೊಡೆಯಲು ಆಗದು. ಒಣ ಹವೆಯ ಅಗಲವಾದ ಹುಲ್ಲುಗಾವಲು ಇಲ್ಲ. ಇರುವ ಕರಿ ಮಣ್ಣಿನಲ್ಲಿ ಜೋಳ ಬೆಳೆಯೋದೇ ಲಾಭ, ಮಳೆಗಾಲದಲ್ಲಿ ಅದೇ ಮಣ್ಣು ಗೊರಸಿಗೆ ವೈರಿ. ಹೊರಗಿಂದ ಬಂದದ್ದನ್ನು ಬದುಕಿಸುವುದೇ ಖರ್ಚಿನ ಬಾಬತ್ತು: ಕಾಳು, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಖಿಚಡಿ ತಿನ್ನಿಸ್ತಿದ್ದರಂತೆ. ಹೀಗಾಗಿ ಪ್ರತಿ ವರ್ಷ ಹೊಸ ಕುದುರೆ ಬರಲೇಬೇಕಿತ್ತು.

ಚೌಬಾರಾ ಬೀದರ

ಬಹಳ ಉಪಕಾರ ಆಯ್ತು. ನಿಕಿತಿನ್ ಆಳಂದದ ಜಾತ್ರೆ ಬಗ್ಗೆಯೂ ಬರೆದಿದ್ದಾನೆ ಅಂತ ಕೇಳಿದ್ದೆ. ಅದು ನಮ್ಮ ಕಲಬುರಗಿ ಜಿಲ್ಲೆಯ ಆಳಂದವೇ ಏನು? ಹಾಕಬಹುದಾ?

ಆಳಂದ ರೋಡ್

ಹಾಕಲೇಬೇಕು, ದೊಡ್ಡ ಚುಕ್ಕೆ ಇಡ್ರಿ. ಶೇಖ್ ಅಲಾಉದ್ದೀನರ ಹೆಸರಿನ ಜಾತ್ರೆ, ಅಂದರೆ ನಾವು ಲಾಡ್ಲೆ ಮಶಾಯಕ ಅನ್ನೋ ದರ್ಗಾ. ವರ್ಷಕ್ಕೊಮ್ಮೆ, 10 ದಿನ, 20,000 ಕುದುರೆ ಮಾರಾಟ ಅಂತ ಬರೆದಿದ್ದಾನೆ. ಅಂಕಿಯ ಕೆಳಗೆ 'ನಿಕಿತಿನ್ ಹೇಳುವಂತೆ' ಅಂತ ಸೇರಿಸ್ರಿ, ಆತ ಕೂತು ಎಣಿಸಿದ್ದೇನಲ್ಲ. ಕಾಲ ಮಾತ್ರ ಬಹಳ ಚೆಂದ ಹೊಂದುತ್ತದೆ: ಅಕ್ಟೋಬರ್ ಮೊದಲ ವಾರದ ಸುಮಾರಿಗೆ. ಮೇ ತಿಂಗಳಲ್ಲಿ ಇಳಿದ ಕುದುರೆ ಮಳೆಗಾಲ ಪೂರ್ತಿ ಮೇಯ್ದು ಮೈ ತುಂಬಿಕೊಂಡಿರುತ್ತದೆ, ಕೆಸರು ಆರಿ ದಾರಿ ಬಿಟ್ಟಿರುತ್ತದೆ, ದಸರಾ ಆದ ಮೇಲೆ ದಂಡು ಹೊರಡುವ ಹೊತ್ತು.

ಮಳೆಗಾಲದಲ್ಲಿ ಸಮುದ್ರ ಮುಚ್ಚುತ್ತೆ ಅಂದರೆ ನಂಬದ ಹುಡುಗರಿಗೆ ಅಲ್ಬುಕರ್ಕ್‌ನದೇ ಉದಾಹರಣೆ ಕೊಡ್ರಿ. 1510ರ ಮೇ ಕೊನೆಗೆ ಬಿಜಾಪುರದ ದಂಡು ಅವನನ್ನು ಗೋವಾದಿಂದ ಹೊರಗೆ ಹಾಕಿತು. ಹಡಗು ಹತ್ತಿದ, ಆದರೆ ಅಳಿವೆ ದಾಟಲು ಆಗದೆ ಆಗಸ್ಟ್ ತನಕ ಮಾಂಡೋವಿ ನದಿಯೊಳಗೇ ಸಿಕ್ಕಿಬಿದ್ದಿದ್ದ. ಊರು ಮತ್ತೆ ಅವನ ಕೈಗೆ ಬಂದಿದ್ದು ನವೆಂಬರ್ 25ಕ್ಕೆ, ಸಮುದ್ರ ತೆರೆದ ಮೇಲೆ.

ವಾಡಿ ಜಂಕ್ಷನ್

ತಡವಾಗಿ ಬಂದೆ, ಒಂದು ಸೇರ್ಪಡೆ. ಜಾಗ ಇದ್ದರೆ ನಕ್ಷೆಯನ್ನು 1510ಕ್ಕೆ ನಿಲ್ಲಿಸಬೇಡ್ರಿ, ಕೆಳಗೆ ಒಂದು ಸಣ್ಣ ಪಟ್ಟಿ ಕೊಡ್ರಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1871ರಲ್ಲಿ ಮುಂಬೈ ಕಡೆಯ ಹಳಿ ಕಲಬುರಗಿ, ವಾಡಿ, ಯಾದಗಿರಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ಆ ಹಳಿ ಬೀದರವನ್ನು ಪಕ್ಕಕ್ಕೆ ಬಿಟ್ಟು ಹೋಯಿತು, ಘಟ್ಟದಿಂದ ಬರುವ ದಾರಿಯಲ್ಲಿ ಬೀದರಕ್ಕಿದ್ದ ಹಳೆ ಮಹತ್ವ ಅಲ್ಲಿಗೆ ಮುಗೀತು. ಬ್ರಿಟಿಷರ ದಂಡಿಗೆ ಅದಕ್ಕೂ ಮೊದಲಿಂದಲೇ ಆಸ್ಟ್ರೇಲಿಯಾದಿಂದ 'ವೇಲರ್' ಕುದುರೆ ಬರ್ತಿದ್ದವು.

ಇನ್ನೊಂದು ಬಾಣ ಪಶ್ಚಿಮಕ್ಕೆ ಹಾಕ್ರಿ. ಮೊದಲ ಮಹಾಯುದ್ಧದಲ್ಲಿ ನಿಜಾಮರ ಹೈದರಾಬಾದ್ ಲಾನ್ಸರ್ಸ್ ದಳ ಕುದುರೆ ಸಮೇತ ಹಡಗು ಹತ್ತಿ ಸೂಯೆಜ್ ಕಾಯಲು ಹೋಯಿತು. ನಮ್ಮ ಬೀದರ, ಕಲಬುರಗಿ, ರಾಯಚೂರು ಮೂರೂ ಜಿಲ್ಲೆ ಆಗ ಅದೇ ಸಂಸ್ಥಾನದಲ್ಲಿದ್ದವು. ಗೆರೆ ಎಳೆಯುವಾಗ ಈ ಬಾಣಕ್ಕೆ ಬೇರೆ ಬಣ್ಣ ಕೊಡ್ರಿ, ಇಲ್ಲದಿದ್ದರೆ ಅರಬ್ಬಿ ಸಮುದ್ರದಲ್ಲಿ ಹಳೆ ಗೆರೆಯ ಮೇಲೇ ಬಿದ್ದು ಗೊಂದಲ ಆಗ್ತದ.