ಅಪ್‌ಡೇಟ್: ಫಿಶರ್‌ಗೆ ಆಪರೇಷನ್ನಾ, ಇಂಜೆಕ್ಷನ್ನಾ?

ಮುಲಾಮು ಹಚ್ಚಿಯೂ ವಾಸಿಯಾಗದ ಫಿಶರ್‌ಗೆ (ಗುದದ್ವಾರದಲ್ಲಿ ಚರ್ಮ ಸೀಳಿ ಆಗುವ ಗಾಯ) ಆಪರೇಷನ್ ಮಾಡಿಸಲಾ, ಬೊಟಾಕ್ಸ್ ಇಂಜೆಕ್ಷನ್ ತಗೊಳ್ಳಲಾ ಅಂತ ಕೇಳಿದ್ದೆ ಅಲ್ವಾ? ಇಂಜೆಕ್ಷನ್ ತಗೊಂಡೆ.

ಆಪರೇಷನ್‌ನಲ್ಲಿ ಗುದದ ಒಳಸ್ನಾಯುವನ್ನು ಸ್ವಲ್ಪ ಕತ್ತರಿಸುತ್ತಾರೆ. ಬಿಗಿತ ಹೋಗಿ ರಕ್ತ ಚೆನ್ನಾಗಿ ಹರಿಯುತ್ತದೆ, 100ರಲ್ಲಿ 90ಕ್ಕೂ ಜಾಸ್ತಿ ಜನರಿಗೆ ಗಾಯ ಮಾಯುತ್ತದೆ. ಆದರೆ ಕೆಲವರಿಗೆ ಗ್ಯಾಸ್, ಮಲ ತಡೆಯುವ ಹಿಡಿತ ಕಾಯಂ ಆಗಿ ಸಡಿಲವಾಗಬಹುದು. ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದ ನನಗೆ ಅದೇ ಭಯ. ಸ್ನಾಯು ಮೊದಲೇ ದುರ್ಬಲವಾಗಿರಬಹುದು ಅಂತ ಡಾಕ್ಟರೂ ಹೇಳಿದರು.

ಬೊಟಾಕ್ಸ್ ಅದೇ ಸ್ನಾಯುವನ್ನು ಸುಮಾರು 3 ತಿಂಗಳು ಸಡಿಲಿಸುತ್ತದೆ, ಅಷ್ಟೇ. ಆಪರೇಷನ್‌ಗಿಂತ ಇದರಲ್ಲಿ ವಾಸಿಯಾಗುವವರು ಕಡಿಮೆ, ಮರುಕಳಿಸುವುದು ಜಾಸ್ತಿ. ಶುರುವಿನಲ್ಲಿ ಗ್ಯಾಸ್ ತಡೆಯೋಕೆ ಆಗುತ್ತಿರಲಿಲ್ಲ, ಆಮೇಲೆ ಸರಿಹೋಯಿತು. ಈಗ ಟಾಯ್ಲೆಟ್‌ನಿಂದ ಎದ್ದ ಮೇಲೆ ಗಂಟೆಗಟ್ಟಲೆ ಉರಿಯುವುದಿಲ್ಲ, ರಕ್ತವೂ ಇಲ್ಲ. ನಾರಿನ ಪುಡಿ, ನೀರು ಮಾತ್ರ ಬಿಟ್ಟಿಲ್ಲ. ಮತ್ತೆ ಬಂದರೆ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡುತ್ತೇನೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.