ಕೊಪ್ಫ್‌ಹೌಬ = ಕುಲಾವಿ? ‘ಮಾರ್ಪಡಿಸಿದ’ ಅನ್ನಲು ಬೇರೆ ಪದ ಇದೆಯೇ?

ಗೆಳೆಯರೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯವರು ವಿಮಾನದಲ್ಲಿ ಹಾಕಿಕೊಳ್ಳುತ್ತಿದ್ದ ಹೆಲ್ಮೆಟ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಅವನ್ನು ಕೂಡಿಡುವವರು ಅಸಲಿ ಯಾವುದು ಅಂತ ಹೇಗೆ ಪತ್ತೆ ಹಚ್ಚುತ್ತಾರೆ ಅನ್ನುವುದೇ ವಿಷಯ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಹೆಲ್ಮೆಟ್ ಅನ್ನುವ ಪದವೇ. ಹಾಗಂದ ಕೂಡಲೇ ಬೈಕಿನವರ ಗಟ್ಟಿ ಚಿಪ್ಪು ಕಣ್ಣಿಗೆ ಬರುತ್ತದೆ. ಶಿರಸ್ತ್ರಾಣ ಅಂದರೆ ಕುರುಕ್ಷೇತ್ರಕ್ಕೇ ಹೋಗಿಬಿಡುತ್ತೇವೆ. ಆದರೆ ಇದು ಮೆತ್ತನೆಯದು. ಚಳಿಗಾಲದ್ದು ತೊಗಲಿನದು, ಒಳಗೆ ಕುರಿಯ ಉಣ್ಣೆ. ಬೇಸಿಗೆಯದು ಬಟ್ಟೆಯದು. ಇನ್ನೊಂದಕ್ಕೆ ನೆತ್ತಿಯ ಮೇಲೆ ಬರೀ ಬಲೆ, ಅದರ ಹೆಸರು ಎಲ್‌ಕೆಪಿ-ಎನ್ 101, ಆ ‘ಎನ್’ ಅಂದರೆ ನೆಟ್ಸ್, ಬಲೆ ಅಂತಲೇ ಅರ್ಥ. ಕಿವಿಯ ಮೇಲೆ ಇಯರ್‌ಫೋನ್, ಗಂಟಲಿಗೆ ಒತ್ತಿಕೊಂಡ ಮೈಕ್. ಜರ್ಮನ್ನರು ಉಕ್ಕಿನದಕ್ಕೆ ಷ್ಟಾಲ್‌ಹೆಲ್ಮ್ ಅಂದರು, ಇದಕ್ಕೆ ಕೊಪ್ಫ್‌ಹೌಬ ಅಂದರು. ಕೊಪ್ಫ್ ಅಂದರೆ ತಲೆ. ಹೌಬ ಅನ್ನುವುದು ಹೆಂಗಸರು, ಮಕ್ಕಳು ಹಾಕುವ ತಲೆಟೋಪಿಗೂ ಇರುವ ಹೆಸರು. ಹಾಗಾದರೆ ನಮ್ಮ ಕುಲಾವಿ ಅಲ್ವಾ? ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಅದೇ ಆಕಾರ. ‘ತೊಗಲ ಕುಲಾವಿ’, ‘ಬಲೆ ಕುಲಾವಿ’ ಅಂತ ಬರೆಯಲು ನನಗೆ ತುಂಬ ಆಸೆ. ಓದುವವರಿಗೆ ಕೂಸಿನ ನೆನಪಾಗಿ ಅರ್ಥ ತಪ್ಪುತ್ತದೋ ಅನ್ನುವುದೊಂದೇ ಅಳುಕು. ಕುಂಚಿಗೆ ಬೇಡ, ಅದು ಬೆನ್ನಿಗೆ ಇಳಿಯುತ್ತದೆ.

ಎರಡನೆಯದು ಜಾಸ್ತಿ ಕಷ್ಟ. ಈ ಕುಲಾವಿಗಳಲ್ಲಿ ಎಷ್ಟೋ ಬದಲಾವಣೆ ಆಗಿರುತ್ತವೆ. ಆಕ್ಸಿಜನ್ ಮಾಸ್ಕ್ ಸಿಕ್ಕಿಸುವ ಕೊಕ್ಕೆ ಬದಲಾಗಿರಬಹುದು, ವೈರ್ ಕತ್ತರಿಸಿರಬಹುದು, ಪಟ್ಟಿಯನ್ನು ಮತ್ತೆ ಹೊಲಿದಿರಬಹುದು. ಹಾರಾಡುತ್ತಿದ್ದ ಕಾಲದಲ್ಲೇ ಮಾಡಿದ್ದರೆ ಅದು ವಸ್ತುವಿನ ಕಥೆಯ ಭಾಗ. ಈಚೆಗೆ ಬೆಲೆ ಏರಿಸಲು ಮಾಡಿದ್ದರೆ ಮೋಸ. ಎರಡಕ್ಕೂ ‘ಮಾರ್ಪಡಿಸಿದ’ ಅಂತ ಬರೆದರೆ ಮುಖ್ಯವಾದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅಸಲಿ-ನಕಲಿ ಜೋಡಿಯೂ ಇಲ್ಲಿ ಕೆಲಸಕ್ಕೆ ಬಾರದು, ಯಾಕೆಂದರೆ ತೊಗಲು ಅಸಲಿ, ಒಳಗಿನ ಚೀಟಿ ಅಸಲಿ, ಹೊಲಿಗೆ ಮಾತ್ರ ಮೊನ್ನೆಯದು ಆಗಿರಬಹುದು. ಕೆಲವರು ‘ಅಧಿಕೃತ’ ಅಂತ ಬರೆಯುತ್ತಾರೆ, ಅದು ಖಂಡಿತ ತಪ್ಪು. ಸರ್ಕಾರದ ಒಪ್ಪಿಗೆಯ ಮಾತಲ್ಲ ಇದು.

ಪರೀಕ್ಷೆ ನಡೆಯುವುದೂ ಹೊಲಿಗೆಯ ಮೇಲೆಯೇ. ಹಳೆಯ ಸೂಜಿತೂತು ಖಾಲಿ ಬಿದ್ದಿದೆಯೇ, ಪಟ್ಟಿಯ ಅಡಿಯ ತೊಗಲು ಸುತ್ತಲಿನಷ್ಟೇ ಮಾಸಿದೆಯೇ ಅಂತ ನೋಡುತ್ತಾರೆ. ನೇರಳಾತೀತ ದೀಪ ಹಿಡಿದರೆ ಈಚಿನ ಎಷ್ಟೋ ದಾರಗಳು ನೀಲಿ-ಬಿಳಿಯಾಗಿ ಹೊಳೆಯುತ್ತವೆ. ಆದರೆ ಹೊಸ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹೊಳೆಯುತ್ತದೆ, ಹಾಗಾಗಿ ದೀಪವೊಂದನ್ನೇ ನಂಬುವಂತಿಲ್ಲ.

ಸದ್ಯಕ್ಕೆ ಹಾರಾಟದ ಕಾಲದಲ್ಲೇ ಆದ ಬದಲಾವಣೆಗೆ ‘ಬಳಕೆಕಾಲದ ಮಾರ್ಪಾಡು’, ಈಚೆಗೆ ಮೋಸಕ್ಕೆ ಮಾಡಿದ್ದಕ್ಕೆ ‘ಕೈಯಾಡಿಸಿದ್ದು’ ಅಂತ ಇಟ್ಟುಕೊಂಡಿದ್ದೇನೆ. ‘ತಿದ್ದಿದ್ದು’ ಅನ್ನಬಹುದಿತ್ತು, ಆದರೆ ದಾಖಲೆ ತಿದ್ದಿದರೆ ಕೆಟ್ಟದ್ದು, ಅಕ್ಷರ ತಿದ್ದಿದರೆ ಒಳ್ಳೆಯದು, ಹೀಗೆ ಎರಡೂ ಕಡೆ ಎಳೆಯುತ್ತದೆ. ಹಳೇ ಸಾಮಾನಿನ ವ್ಯಾಪಾರದವರು, ತೊಗಲು ಹೊಲಿಯುವವರು ಇಂಥದ್ದಕ್ಕೆ ಏನನ್ನುತ್ತಾರೆ? ನಿಮ್ಮ ಕಡೆ ಬಾಯಿಮಾತಿನಲ್ಲಿ ಇರುವ ಪದವಾದರೂ ಸರಿ, ದಯವಿಟ್ಟು ತಿಳಿಸಿ.